ಮೈನರ್‌ನಲ್ಲಿ ಮುಗಿಯುವ ಸಂತೋಷ

ಫೆಲಿಕ್ಸ್ ಮೆಂಡೆಲ್ಸನ್‌ನ ನಾಲ್ಕನೆಯ ಸಿಂಫನಿಗೆ ‘ಇಟಾಲಿಯನ್’ ಎಂಬ ಹೆಸರಿದೆ. ಅದು ಎ ಮೇಜರ್ ಶ್ರುತಿಯಲ್ಲಿ ಆರಂಭವಾಗುತ್ತದೆ, ಎ ಮೈನರ್ ಶ್ರುತಿಯಲ್ಲಿ ಮುಗಿಯುತ್ತದೆ. ಮೊದಲ ಭಾಗದ ತಲೆಯ ಮೇಲೆ ‘ಅಲೆಗ್ರೊ ವಿವಾಚೆ’ ಎಂಬ ಸೂಚನೆಯಿದೆ: ಚುರುಕಾಗಿ, ಜೀವಕಳೆಯಿಂದ ನುಡಿಸಬೇಕು. ಕೊನೆಯ ಭಾಗಕ್ಕೆ ‘ಪ್ರೆಸ್ಟೊ’, ಅಂದರೆ ಅತಿ ದ್ರುತ. ಮೇಜರ್ ಎಂದರೆ ನಲಿವು, ಮೈನರ್ ಎಂದರೆ ನೋವು ಎಂದು ಪಾಶ್ಚಾತ್ಯ ಸಂಗೀತದ ಮೊದಲ ಪಾಠಗಳಲ್ಲೇ ಹೇಳಿಕೊಡುತ್ತಾರೆ. ಆ ಪಾಠ ಪೂರ್ತಿ ನಿಜವಾಗಿದ್ದರೆ ಈ ಕೃತಿ ನಲಿವಿನಿಂದ ನೋವಿಗೆ ಇಳಿಯುವ ಕಥೆಯಾಗಬೇಕಿತ್ತು. ಕೇಳಿದವರಿಗೆ ಹಾಗೆ ಅನ್ನಿಸುವುದಿಲ್ಲ. 1831ರ ಫೆಬ್ರವರಿಯಲ್ಲಿ ರೋಮ್‌ನಿಂದ ಮನೆಗೆ ಬರೆದ ಪತ್ರದಲ್ಲಿ ಮೆಂಡೆಲ್ಸನ್, ತಾನು ಈವರೆಗೆ ರಚಿಸಿದ್ದರಲ್ಲೆಲ್ಲ ಇದೇ ಅತ್ಯಂತ ಉಲ್ಲಾಸದ ಕೃತಿಯಾಗಲಿದೆ, ಅದರಲ್ಲೂ ಅದರ ಕೊನೆಯ ಭಾಗ ಎಂದು ತಿಳಿಸಿದ್ದ. ಆ ಕೊನೆಯ ಭಾಗವೇ ಮೈನರ್‌ನಲ್ಲಿರುವುದು. ಹಾಗಾದರೆ ಉಲ್ಲಾಸ ಇರುವುದು ಎಲ್ಲಿ? ಶ್ರುತಿಯಲ್ಲೋ, ಲಯದಲ್ಲೋ, ರಚಿಸಿದವನ ಮನಸ್ಸಿನಲ್ಲೋ, ಕೇಳುವವರ ಎದೆಯಲ್ಲೋ? ಮಾತೂ ಕಥೆಯೂ ಇಲ್ಲದ ಸಂಗೀತಕ್ಕೆ ಭಾವ ಎಲ್ಲಿಂದ ಬರುತ್ತದೆ ಎಂಬ ಹಳೆಯ ತಾತ್ತ್ವಿಕ ಪ್ರಶ್ನೆಯನ್ನು ಇಷ್ಟು ನೇರವಾಗಿ ಮುಂದಿಡುವ ರಚನೆಗಳು ಕಡಿಮೆ.

ಮೆಂಡೆಲ್ಸನ್ 1809ರಲ್ಲಿ ಹ್ಯಾಂಬರ್ಗ್‌ನಲ್ಲಿ ಹುಟ್ಟಿ ಬರ್ಲಿನ್‌ನಲ್ಲಿ ಬೆಳೆದವನು. 1830ರ ಮೇ ತಿಂಗಳಲ್ಲಿ ಬರ್ಲಿನ್ ಬಿಟ್ಟು, ದಾರಿಯಲ್ಲಿ ವೈಮಾರ್‌ನಲ್ಲಿ ವೃದ್ಧ ಕವಿ ಗಯಟೆಯನ್ನು ಕೊನೆಯ ಸಲ ಕಂಡು, ಅಕ್ಟೋಬರ್‌ನಲ್ಲಿ ವೆನಿಸ್ ಸೇರಿದ. ನವೆಂಬರ್ ಮೊದಲಿಗೆ ರೋಮ್‌ನಲ್ಲಿದ್ದ. ಅಲ್ಲಿ ಅವನಿದ್ದಾಗಲೇ ಪೋಪ್ ಎಂಟನೆಯ ಪಯಸ್ ತೀರಿಕೊಂಡ, ಹದಿನಾರನೆಯ ಗ್ರೆಗರಿ ಆಯ್ಕೆಯಾದ. ಫೆಬ್ರವರಿಯ ಕಾರ್ನಿವಲ್‌ನ ಗದ್ದಲವನ್ನೂ ಅದರ ಬೆನ್ನಿಗೆ ಬಂದ ಪವಿತ್ರ ವಾರದ ಗಂಭೀರ ಗಾಯನವನ್ನೂ ಅವನು ಒಂದೇ ಊರಿನಲ್ಲಿ ಕಂಡ, ಕೇಳಿದ. ಸಿಂಫನಿಯ ಬೀಜ ಅಲ್ಲಿ ಬಿದ್ದರೂ ಅದು ಪೂರ್ತಿಯಾದದ್ದು ಊರಿಗೆ ಮರಳಿದ ಮೇಲೆ. 1832ರ ನವೆಂಬರ್‌ನಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಕ್ ಸೊಸೈಟಿ ಒಂದು ಸಿಂಫನಿಯೂ ಸೇರಿದಂತೆ ಕೆಲವು ರಚನೆಗಳಿಗೆ 100 ಗಿನಿಗಳ ಸಂಭಾವನೆ ಗೊತ್ತುಮಾಡಿತು. 1833ರ ಮಾರ್ಚ್‌ನಲ್ಲಿ ಕೃತಿ ಮುಗಿಯಿತು, ಮೇ 13ರಂದು ಲಂಡನ್ನಿನಲ್ಲಿ ಅವನ ನಿರ್ದೇಶನದಲ್ಲೇ ಮೊದಲ ಪ್ರದರ್ಶನವಾಯಿತು. ಜನ ಮೆಚ್ಚಿದರು. ಅವನಿಗೆ ಮಾತ್ರ ಸಮಾಧಾನವಾಗಲಿಲ್ಲ. 1834ರಲ್ಲಿ ಎರಡು, ಮೂರು, ನಾಲ್ಕನೆಯ ಭಾಗಗಳನ್ನು ತಿದ್ದಿದ. ಮೊದಲ ಭಾಗವನ್ನೂ ತಿದ್ದಬೇಕೆಂದುಕೊಂಡವನು ಅದನ್ನು ಮಾಡಲಿಲ್ಲ. 1847ರಲ್ಲಿ, 38ನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಇದನ್ನು ಅಚ್ಚಿಗೆ ಕೊಡಲಿಲ್ಲ. 1851ರಲ್ಲಿ ಓಪಸ್ 90 ಎಂಬ ಸಂಖ್ಯೆ ಹೊತ್ತು ಅದು ಪ್ರಕಟವಾಯಿತು.

ಪಾಶ್ಚಾತ್ಯ ಪದ್ಧತಿಯಲ್ಲಿ ಕೃತಿಯೊಂದರ ಶ್ರುತಿಯನ್ನು ಹೆಸರಿಸಿದರೆ ಆಧಾರ ಸ್ವರ ಯಾವುದು, ಅದರ ಮೇಲೆ ನಿಂತ ಸ್ವರಶ್ರೇಣಿ ಯಾವುದು ಎಂಬ ಎರಡೂ ಗೊತ್ತಾಗುತ್ತವೆ. ಎ ಮೇಜರ್ ಎಂದರೆ ಎ ಎಂಬ ಸ್ವರವನ್ನು ಷಡ್ಜವಾಗಿ ಇಟ್ಟುಕೊಂಡ ಧೀರಶಂಕರಾಭರಣದ ಏಳು ಸ್ವರಗಳು. ಎ ಮೈನರ್ ಎಂದರೆ ಅದೇ ಷಡ್ಜದ ಮೇಲೆ ನಠಭೈರವಿಯ ಸ್ವರಗಳು. ನಿಷಾದವನ್ನು ಏರಿಸಿದರೆ ಕೀರವಾಣಿ. ಕಿವಿಗೆ ಮೊದಲು ತಟ್ಟುವ ವ್ಯತ್ಯಾಸ ಗಾಂಧಾರದ್ದು: ಮೇಜರ್‌ಗೆ ಅಂತರ ಗಾಂಧಾರ, ಮೈನರ್‌ಗೆ ಅದಕ್ಕಿಂತ ಅರ್ಧ ಸ್ವರ ಕೆಳಗಿನ ಸಾಧಾರಣ ಗಾಂಧಾರ. ಇವು ರಾಗಗಳಲ್ಲ. ರಾಗಕ್ಕಿರುವ ಗಮಕ, ಸಂಚಾರ, ಜೀವಸ್ವರಗಳ ನಿಯಮ ಇವಕ್ಕಿಲ್ಲ. ಅದರ ಬದಲು ಒಂದು ಶ್ರುತಿಯಿಂದ ಹೊರಟು ಇನ್ನೊಂದಕ್ಕೆ ಹೋಗಿ ಮತ್ತೆ ಮನೆಗೆ ಮರಳುವ ಪಯಣವಿದೆ. ತಂಬೂರಿಯ ಷಡ್ಜ ಕಛೇರಿ ಮುಗಿಯುವವರೆಗೂ ಅಲುಗದ ಪದ್ಧತಿಯಲ್ಲಿ ಬೆಳೆದ ಕಿವಿಗೆ ಈ ಸ್ಥಳಾಂತರವೇ ಮೊದಲ ಬೆರಗು. ಲಯದ ವಿಷಯವೂ ಹಾಗೆಯೇ. ಅಲೆಗ್ರೊ, ಆಂದಾಂತೆ, ಪ್ರೆಸ್ಟೊ ಮುಂತಾದ ಇಟಾಲಿಯನ್ ಸೂಚನೆಗಳು ವೇಗವನ್ನಷ್ಟೇ ಹೇಳುವುದಿಲ್ಲ, ನುಡಿಸುವವರ ಮನೋಧರ್ಮವನ್ನೂ ಹೇಳುತ್ತವೆ. 1815ರಲ್ಲಿ ಮೆಲ್ಜೆಲ್ ತನ್ನ ಮೆಟ್ರೋನೋಮ್‌ಗೆ ಹಕ್ಕು ಪಡೆದ ಮೇಲೆ ನಿಮಿಷಕ್ಕೆ ಇಷ್ಟು ಎಣಿಕೆ ಎಂದು ಬರೆಯುವುದು ಸಾಧ್ಯವಾಯಿತು, ಆದರೂ ಆ ಮಾತುಗಳು ಹೋಗಲಿಲ್ಲ. ಎಣಿಕೆ ಹೇಳಲಾರದ್ದನ್ನು ಅವು ಹೇಳುತ್ತಿದ್ದವು.

‘ಇಟಾಲಿಯನ್’ ಸಿಂಫನಿಯ ನಾಲ್ಕು ಭಾಗಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅದರಲ್ಲೊಂದು ವಿಶೇಷ ಕಾಣುತ್ತದೆ. ಮೊದಲನೆಯದು ಮೇಜರ್, ವೇಗದ್ದು. ಎರಡನೆಯದು ಡಿ ಮೈನರ್‌ನಲ್ಲಿ, ‘ಆಂದಾಂತೆ ಕೊನ್ ಮೋಟೊ’, ನಡಿಗೆಯ ಗತಿಯದು. ಮೂರನೆಯದು ಮತ್ತೆ ಎ ಮೇಜರ್, ಆದರೆ ಮಧ್ಯಮ ಗತಿ. ನಾಲ್ಕನೆಯದು ಎ ಮೈನರ್, ಅತಿ ವೇಗ. ಎರಡು ಮೇಜರ್, ಎರಡು ಮೈನರ್. ಪ್ರತಿ ಜೋಡಿಯಲ್ಲೂ ಒಂದು ವೇಗದ್ದು, ಒಂದು ನಿಧಾನದ್ದು. ಶ್ರುತಿ ಮತ್ತು ಲಯಗಳನ್ನು ಬೇರೆಬೇರೆಯಾಗಿ ತೂಗಿನೋಡಲು ಪ್ರಯೋಗಾಲಯದಲ್ಲಿ ಕುಳಿತು ಯೋಜಿಸಿದರೂ ಇದಕ್ಕಿಂತ ಒಳ್ಳೆಯ ಏರ್ಪಾಡು ಸಿಗುವುದು ಕಷ್ಟ. ಫಲಿತಾಂಶ ಸ್ಪಷ್ಟವಾಗಿದೆ. ವೇಗದ ಮೇಜರ್ ಹರ್ಷದಿಂದ ಚಿಮ್ಮುತ್ತದೆ, ನಿಧಾನದ ಮೇಜರ್ ಪ್ರಸನ್ನವಾಗಿದೆ, ನಿಧಾನದ ಮೈನರ್ ಗಂಭೀರವಾಗಿದೆ. ವೇಗದ ಮೈನರ್ ಮಾತ್ರ ಯಾವ ಸಿದ್ಧ ಹೆಸರಿಗೂ ಒಗ್ಗುವುದಿಲ್ಲ. ಅದು ದುಃಖವಂತೂ ಅಲ್ಲ. ಮೊದಲ ಭಾಗದ ಹರ್ಷವೂ ಅಲ್ಲ. ಅದರಲ್ಲಿ ಉಗ್ರತೆಯಿದೆ, ಬಿಡುವಿಲ್ಲದ ಉತ್ಸಾಹವಿದೆ, ಒಂದಿಷ್ಟು ಭಯವೂ ಬೆರೆತಿದೆ.

ಮೊದಲ ಭಾಗ ಹೇಗೆ ಚಿಮ್ಮುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ತಂತಿವಾದ್ಯಗಳು ಬೆರಳಿನಿಂದ ಒಂದು ಮೀಟು ಮೀಟುತ್ತವೆ. ತಕ್ಷಣ ಊದುವಾದ್ಯಗಳು ಒಂದೇ ಸ್ವರಗುಂಪನ್ನು ಬಿಡದೆ ಬೇಗಬೇಗ ನುಡಿಯತೊಡಗುತ್ತವೆ. ಆ ಮಿಡಿತದ ಮೇಲೆ ವಯೊಲಿನ್‌ಗಳು ಮುಖ್ಯ ಸ್ವರಪಂಕ್ತಿಯನ್ನು ಎತ್ತಿಕೊಳ್ಳುತ್ತವೆ. ಪೀಠಿಕೆ ಎಂಬುದೇ ಇಲ್ಲ. ಮೊದಲ ಕ್ಷಣದಲ್ಲೇ ಎಲ್ಲ ಚಲನೆಯಲ್ಲಿದೆ. ತಾಳ 6/8, ಅಂದರೆ ಎರಡು ಎಣಿಕೆ, ಪ್ರತಿ ಎಣಿಕೆಯೊಳಗೆ ಮೂರು ಮಾತ್ರೆಯ ತಿಶ್ರ ನಡೆ. ಹೆಜ್ಜೆ ನೆಲಕ್ಕೆ ತಾಗುವ ಮೊದಲೇ ಮತ್ತೆ ಮೇಲೇಳುವ ಗುಣ ಈ ನಡೆಗಿದೆ. ವಾದ್ಯಗಳ ಸಂಖ್ಯೆಯೂ ದೊಡ್ಡದಲ್ಲ: ಕೊಳಲು, ಓಬೊ, ಕ್ಲಾರಿನೆಟ್, ಬಸೂನ್, ಹಾರ್ನ್, ಟ್ರಂಪೆಟ್ ಎರಡೆರಡು, ಜೊತೆಗೆ ಟಿಂಪನಿ ಮತ್ತು ತಂತಿವಾದ್ಯಗಳು. ಭಾರವಾದ ಟ್ರೊಂಬೋನ್‌ಗಳಿಲ್ಲ. ಬೆಳವಣಿಗೆಯ ಘಟ್ಟದಲ್ಲಿ ಮಾತ್ರ ಮೈನರ್‌ನಲ್ಲಿ ಹೊಸದೊಂದು ಸ್ವರಪಂಕ್ತಿ ಹುಟ್ಟಿ, ಒಂದು ವಾದ್ಯದಿಂದ ಇನ್ನೊಂದಕ್ಕೆ ಅನುಕರಣೆಯಾಗಿ ಹಬ್ಬುತ್ತದೆ. ಆದರೂ ಓಟ ನಿಲ್ಲುವುದಿಲ್ಲ, ಭಾವ ಕುಗ್ಗುವುದಿಲ್ಲ. ಇಷ್ಟು ಪ್ರಸನ್ನ ಭಾಗದ ಒಡಲಲ್ಲೇ ಮೈನರ್ ಬಂದುಹೋಗುತ್ತದೆ ಎಂಬುದು ಮುಂದಿನ ವಿಚಾರಕ್ಕೆ ಮುಖ್ಯ.

ಶ್ರುತಿಗೂ ಶೀಲಕ್ಕೂ ನಂಟಿದೆ ಎಂಬ ನಂಬಿಕೆ ಗ್ರೀಕರಷ್ಟು ಹಳೆಯದು. ಪ್ಲೇಟೊ ‘ರಿಪಬ್ಲಿಕ್’ನ ಮೂರನೆಯ ಭಾಗದಲ್ಲಿ ಗೋಳಿನ ಸ್ವರಕ್ರಮಗಳನ್ನೂ ಮೈಮರೆಸುವ ಸ್ವರಕ್ರಮಗಳನ್ನೂ ತನ್ನ ಆದರ್ಶ ನಗರದಿಂದ ಹೊರಗಿಟ್ಟು, ಡೋರಿಯನ್ ಮತ್ತು ಫ್ರಿಜಿಯನ್ ಎಂಬ ಎರಡನ್ನು ಮಾತ್ರ ಉಳಿಸಿಕೊಂಡ. ಅರಿಸ್ಟಾಟಲ್ ಫ್ರಿಜಿಯನ್ ವಿಷಯದಲ್ಲಿ ಅವನನ್ನು ಒಪ್ಪಲಿಲ್ಲ. ಅದು ಉನ್ಮಾದಕ್ಕೆ ಸೇರಿದ್ದೆಂದ. ಗುರುಶಿಷ್ಯರಿಗೇ ಒಂದು ಸ್ವರಕ್ರಮದ ಭಾವದ ಬಗ್ಗೆ ಒಮ್ಮತವಿರಲಿಲ್ಲ ಎಂಬುದು ಮರೆಯಬಾರದ ಸಂಗತಿ. 1558ರಲ್ಲಿ ವೆನಿಸ್‌ನ ಸಂಗೀತಶಾಸ್ತ್ರಜ್ಞ ಸರ್ಲಿನೊ, ಸ್ವರಮೇಳದ ತಳದಲ್ಲಿ ದೊಡ್ಡ ಗಾಂಧಾರವಿದ್ದರೆ ಅದು ಲವಲವಿಕೆಯದು, ಚಿಕ್ಕದಿದ್ದರೆ ಖಿನ್ನವಾದದ್ದು ಎಂದು ಬರೆದ. ಮೇಜರ್-ಮೈನರ್ ಪಾಠದ ಮೂಲ ರೂಪ ಅಲ್ಲಿದೆ. ಹದಿನೆಂಟನೆಯ ಶತಮಾನದ ಜರ್ಮನಿಯಲ್ಲಿ ಇದು ಇನ್ನೂ ಮುಂದೆ ಹೋಗಿ, ಮೇಜರ್ ಮೈನರ್ ಎಂಬ ವಿಭಾಗ ಸಾಲದೆ ಒಂದೊಂದು ಶ್ರುತಿಗೂ ಒಂದೊಂದು ಸ್ವಭಾವ ಹಚ್ಚಲಾಯಿತು. ಕವಿಯೂ ಸಂಗೀತಗಾರನೂ ಆದ ಶೂಬಾರ್ಟ್‌ನ ಪಟ್ಟಿ ಇವುಗಳಲ್ಲಿ ಪ್ರಸಿದ್ಧವಾದದ್ದು. ಅವನು ತೀರಿಕೊಂಡ ಮೇಲೆ, 1806ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಎ ಮೇಜರ್‌ಗೆ ಸೇರಿದ್ದು ನಿರ್ಮಲ ಪ್ರೇಮ, ಯೌವನದ ಹರ್ಷ, ದೇವರಲ್ಲಿ ಭರವಸೆ. ಮೆಂಡೆಲ್ಸನ್‌ನ ಮೊದಲ ಭಾಗಕ್ಕೆ ಇದು ಅಳತೆ ತೆಗೆದಂತೆ ಹೊಂದುತ್ತದೆ. ಆದರೆ ಅದೇ ಪಟ್ಟಿ ಎ ಮೈನರ್‌ಗೆ ಕೊಟ್ಟಿರುವುದು ಭಕ್ತಿಯ, ಮೃದು ಸ್ವಭಾವದ ಹೆಣ್ತನವನ್ನು. ಕೊನೆಯ ಭಾಗದ ಉಗ್ರ ಕುಣಿತದ ಮುಂದೆ ಆ ವಿವರಣೆ ಒಂದು ಕ್ಷಣವೂ ನಿಲ್ಲುವುದಿಲ್ಲ.

ಪಟ್ಟಿ ಸೋಲುವುದಕ್ಕೆ ಭೌತಿಕ ಕಾರಣವೂ ಇದೆ. ಇಂದು ಎ ಎಂದರೆ ಸೆಕೆಂಡಿಗೆ 440 ಕಂಪನ ಎಂಬ ಒಪ್ಪಂದವಿದೆ. 1833ರಲ್ಲಿ ಅಂಥ ಒಪ್ಪಂದವಿರಲಿಲ್ಲ. ಊರಿಂದೂರಿಗೆ ಶ್ರುತಿಯ ಮಟ್ಟ ಬದಲಾಗುತ್ತಿತ್ತು. ಫ್ರಾನ್ಸ್ 435 ಎಂದು ಕಾನೂನು ಮಾಡಿದ್ದೇ 1859ರಲ್ಲಿ. ಹರ್ಷ ಕಂಪನಸಂಖ್ಯೆಯಲ್ಲಿ ಅಡಗಿದ್ದರೆ ಊರಿಗೊಂದು ಹರ್ಷವಾಗಬೇಕಿತ್ತು. ಹಾಗೆಂದು ಶ್ರುತಿಯ ಆಯ್ಕೆಯನ್ನು ಅರ್ಥವಿಲ್ಲದ್ದೆನ್ನುವಂತಿಲ್ಲ. ವಯೊಲಿನ್‌ನ ನಾಲ್ಕು ತಂತಿಗಳು ಜಿ, ಡಿ, ಎ, ಇ. ಎ ಮೇಜರ್‌ನಲ್ಲಿ ಷಡ್ಜ, ಪಂಚಮ, ಮಧ್ಯಮ ಮೂರಕ್ಕೂ ಬೆರಳೊತ್ತದ ಬಿಡಿ ತಂತಿ ಸಿಗುತ್ತದೆ. ಹತ್ತಿರದ ತಂತಿಗಳು ತಾವಾಗಿ ಅನುರಣಿಸಿ ನಾದಕ್ಕೆ ಹೊಳಪು ಕೊಡುತ್ತವೆ. ಆ ಕಾಲದ ಹಾರ್ನ್, ಟ್ರಂಪೆಟ್‌ಗಳು ಬಹುಮಟ್ಟಿಗೆ ಕವಾಟವಿಲ್ಲದವು. ಅವುಗಳಿಂದ ಸಹಜವಾಗಿ ಹೊರಡುವ ಸ್ವರಗಳಲ್ಲಿ ಷಡ್ಜ, ಪಂಚಮ, ಅಂತರ ಗಾಂಧಾರ ಇವೆ; ಸಾಧಾರಣ ಗಾಂಧಾರ ಸುಲಭಕ್ಕೆ ಸಿಗದು. ಎ ಮೇಜರ್‌ನ ಬೆಳಕು ಶೂಬಾರ್ಟ್ ಹೇಳಿದ ಶೀಲದಿಂದ ಬಂದದ್ದಲ್ಲ, ತಂತಿ ಮತ್ತು ಹಿತ್ತಾಳೆಯಿಂದ ಬಂದದ್ದು. ಅದು ಕಡಿಮೆಯ ಕಾರಣವೇನಲ್ಲ.

ಲಯದ ಬಲವನ್ನು ತತ್ತ್ವಜ್ಞರು ಬೇಗ ಗುರುತಿಸಿದರು. 1618ರಲ್ಲಿ, ಇನ್ನೂ 22 ವರ್ಷದ ಡೆಕಾರ್ಟ್, ಸಂಗೀತದ ಮೇಲೆ ಬರೆದ ಚಿಕ್ಕ ಗ್ರಂಥದಲ್ಲಿ ನಿಧಾನ ಗತಿ ಜಡವಾದ ಭಾವಗಳನ್ನೂ ಶೀಘ್ರ ಗತಿ ಹರ್ಷದಂಥ ಚುರುಕಿನ ಭಾವಗಳನ್ನೂ ಎಬ್ಬಿಸುತ್ತದೆ ಎಂದ. 1930ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಕೇಟ್ ಹೆವ್ನರ್ ಒಂದೇ ರಚನೆಯನ್ನು ಮೇಜರ್‌ನಲ್ಲೊಮ್ಮೆ ಮೈನರ್‌ನಲ್ಲೊಮ್ಮೆ, ವೇಗವಾಗಿ ಒಮ್ಮೆ ನಿಧಾನವಾಗಿ ಒಮ್ಮೆ ಕೇಳಿಸಿ, ಕೇಳುಗರಿಂದ ಭಾವಸೂಚಕ ಪದಗಳನ್ನು ಆಯ್ಕೆ ಮಾಡಿಸಿದರು. ಮೇಜರ್-ಮೈನರ್ ಭೇದ ಕಿವಿಗೆ ತಟ್ಟುತ್ತದೆ, ಜೊತೆಗೆ ಲಯದ ಪಾಲು ಬಹು ದೊಡ್ಡದು ಎಂದು ಆ ಪ್ರಯೋಗಗಳು ತೋರಿಸಿದವು. ಭರತನ ನಾಟ್ಯಶಾಸ್ತ್ರ ಇನ್ನೂ ಸೂಕ್ಷ್ಮವಾದ ಮಾತು ಹೇಳುತ್ತದೆ. ಅದು ಹಾಸ್ಯಕ್ಕೂ ಶೃಂಗಾರಕ್ಕೂ ಮಧ್ಯ ಲಯವನ್ನೂ, ಕರುಣಕ್ಕೆ ವಿಳಂಬವನ್ನೂ ಕೊಟ್ಟು, ದ್ರುತವನ್ನು ವೀರ, ರೌದ್ರ, ಅದ್ಭುತ, ಭಯಾನಕಗಳಿಗೆ ಇಡುತ್ತದೆ. ವೇಗ ಹೆಚ್ಚಿದಷ್ಟೂ ಹರ್ಷ ಹೆಚ್ಚುತ್ತದೆ ಎಂಬ ಸರಳ ಲೆಕ್ಕ ಅಲ್ಲಿಲ್ಲ. ಒಂದು ಮಿತಿ ದಾಟಿದ ವೇಗ ನಗುವನ್ನು ಬಿಟ್ಟು ಬೆರಗಿನ ಕಡೆಗೆ, ಉಗ್ರತೆಯ ಕಡೆಗೆ ವಾಲುತ್ತದೆ. ಅಲೆಗ್ರೊ ವಿವಾಚೆಗೂ ಪ್ರೆಸ್ಟೊಗೂ ನಡುವೆ ಮೆಂಡೆಲ್ಸನ್‌ನ ಕೃತಿಯಲ್ಲಿ ಆಗುವುದೂ ಇದೇ. ನಾಟ್ಯಶಾಸ್ತ್ರ ನಾಟಕದ ಮಾತುಗಾರಿಕೆಯನ್ನು ಕುರಿತು ಹೇಳಿದ ಸೂತ್ರ ಇಷ್ಟು ದೂರದ ವಾದ್ಯಸಂಗೀತಕ್ಕೆ ಹೊಂದುವುದು ಸೋಜಿಗವೇ ಸರಿ.

ಮೈನರ್‌ನಲ್ಲಿರುವ ಕುಣಿತವನ್ನು ನೇರವಾಗಿ ಎದುರಿಸಿದ ತತ್ತ್ವಜ್ಞ ಶೋಪೆನ್‌ಹವರ್. 1818ರ ಕೊನೆಗೆ ಹೊರಬಂದ ತನ್ನ ಮಹಾಗ್ರಂಥದಲ್ಲಿ ಅವನು ಸಂಗೀತವನ್ನು ಉಳಿದೆಲ್ಲ ಕಲೆಗಳಿಂದ ಬೇರೆಯಾಗಿಟ್ಟ. ಉಳಿದವು ಜಗತ್ತಿನ ನೆರಳುಗಳನ್ನು ತೋರಿಸುತ್ತವೆ. ಸಂಗೀತ ಜಗತ್ತಿನ ಒಳತಿರುಳಾದ ಇಚ್ಛೆಯನ್ನೇ ತೋರಿಸುತ್ತದೆ. ಬಯಕೆ ಬೇಗ ಈಡೇರಿ ಮತ್ತೊಂದು ಬಯಕೆಗೆ ದಾಟುವುದೇ ಸುಖವಾದ್ದರಿಂದ, ಮನೆಯ ಸ್ವರದಿಂದ ಬಹುದೂರ ಹೋಗದೆ ಬೇಗ ಮರಳುವ ಚುರುಕಿನ ಸಂಗೀತ ಹರ್ಷವಾಗಿ ಕೇಳುತ್ತದೆ ಎಂಬುದು ಅವನ ವಿವರಣೆ. ಇದು ಬಹಳ ಬಲವಾದ ವಿವರಣೆ: ಹರ್ಷವನ್ನು ಅದು ಚಲನೆಯ ಆಕಾರದಲ್ಲೇ ಇಡುತ್ತದೆ. ಆದರೆ ಮೈನರ್ ಕುಣಿತಕ್ಕೆ ಬಂದಾಗ ಅವನು ಎಡವಿದ. ಅದು ಅಲ್ಪ ಸುಖವೊಂದು ಕೈತಪ್ಪಿದ್ದನ್ನು, ಕೀಳು ಗುರಿಯನ್ನು ಪಡಿಪಾಟಲುಪಟ್ಟು ಮುಟ್ಟಿದ್ದನ್ನು ಸೂಚಿಸುತ್ತದೆ ಎಂದ. 1844ರಲ್ಲಿ ಸೇರಿಸಿದ ಎರಡನೆಯ ಸಂಪುಟದಲ್ಲಿ, ಮೈನರ್‌ನಲ್ಲಿ ಅಲೆಗ್ರೊ ಎಂದರೆ ಕಾಲಿಗೆ ಜೋಡು ಕಚ್ಚುತ್ತಿರುವಾಗ ಕುಣಿದಂತೆ ಎಂದೂ ಹೇಳಿದ. ಇಲ್ಲಿ ಸಿದ್ಧಾಂತವು ಕಿವಿಯ ಸಾಕ್ಷ್ಯವನ್ನು ಮೀರಿ ಮಾತಾಡಿದೆ. ಮೆಂಡೆಲ್ಸನ್‌ನ ಕೊನೆಯ ಭಾಗದಲ್ಲಿ ಅಲ್ಪವಾದದ್ದೂ ಇಲ್ಲ, ಸೋತದ್ದೂ ಇಲ್ಲ.

ಆ ಭಾಗಕ್ಕೆ ‘ಸಾಲ್ತರೆಲ್ಲೊ’ ಎಂದು ಹೆಸರು. ಸಾಲ್ತರೆಲ್ಲೊ ರೋಮ್ ಕಡೆಯ ನೆಗೆತದ ಕುಣಿತ. ಕೆಲವು ಗಟ್ಟಿ ಸ್ವರಗಳ ಹೊಡೆತದ ನಂತರ, ತಂತಿವಾದ್ಯಗಳ ತಗ್ಗಿದ ಮಿಡಿತದ ಮೇಲೆ ಎರಡು ಕೊಳಲುಗಳು ಜೊತೆಯಾಗಿ ಕುಣಿತದ ಮಟ್ಟನ್ನು ಎತ್ತುತ್ತವೆ. ನಡುವೆ ನೇಪಲ್ಸ್ ಕಡೆಯ ತರಾಂತೆಲ್ಲಾ ಕುಣಿತ ಬಂದು ಸೇರುತ್ತದೆ. ಸಾಲ್ತರೆಲ್ಲೊ ಒಂದು ನೆಗೆತಕ್ಕೂ ಇನ್ನೊಂದಕ್ಕೂ ನಡುವೆ ಉಸಿರು ಬಿಡಲು ಜಾಗ ಕೊಡುತ್ತದೆ; ತರಾಂತೆಲ್ಲಾ ಕೊಡುವುದಿಲ್ಲ, ಅದರ ಸ್ವರಗಳು ಕಡಿಯದೆ ಹರಿಯುತ್ತವೆ. ದಕ್ಷಿಣ ಇಟಲಿಯ ಪುಲಿಯಾದಲ್ಲಿ ತರಾಂತೆಲ್ಲಾದ ಬಂಧು ಕುಣಿತಗಳಿಗೆ ಮನರಂಜನೆಯಾಚೆಗಿನ ಬಾಳ್ವೆಯಿತ್ತು. ಜೇಡ ಕಚ್ಚಿತೆಂದು ನಂಬಿ ಸೊರಗಿ ಮಲಗಿದವರನ್ನು, ಹೆಚ್ಚಾಗಿ ಬಡ ರೈತ ಹೆಂಗಸರನ್ನು, ವಾದ್ಯಗಾರರನ್ನು ಕರೆಸಿ ಕುಣಿಸುತ್ತಿದ್ದರು. ಕುಣಿತ ದಿನಗಟ್ಟಲೆ ನಡೆಯುತ್ತಿತ್ತು. ಜೆಸ್ಯೂಟ್ ಪಾದ್ರಿ ಅಥನೇಸಿಯಸ್ ಕಿರ್ಷರ್ 1641ರಲ್ಲೇ ಆ ಚಿಕಿತ್ಸೆಯ ಮಟ್ಟುಗಳನ್ನು ಬರೆದಿಟ್ಟ. ಮಾಲ್ಟಾದಲ್ಲಿ ಹಾವು ಕಚ್ಚಿದರೂ ಬಾಧೆಯಾಗದ ಸಂತ ಪೌಲನೇ ಇದರ ರಕ್ಷಕನಾದ. ಜೂನ್ 29ರ ಹಬ್ಬಕ್ಕೆ ಗಲಾತಿನಾ ಊರಿನ ಅವನ ಗುಡಿಗೆ ಹರಕೆ ಹೊತ್ತವರು ಬರುತ್ತಿದ್ದರು. 1959ರಲ್ಲಿ ಅಲ್ಲಿ ಕ್ಷೇತ್ರಕಾರ್ಯ ನಡೆಸಿದ ಮಾನವಶಾಸ್ತ್ರಜ್ಞ ಎರ್ನೆಸ್ತೊ ದೆ ಮಾರ್ತಿನೊ, ಕಚ್ಚಿದ್ದು ಜೇಡವಲ್ಲ, ಹೇಳಿಕೊಳ್ಳಲು ಬೇರೆ ದಾರಿಯಿಲ್ಲದ ಬದುಕಿನ ಸಂಕಟ ಎಂದು ವಿವರಿಸಿದರು. ಮೆಂಡೆಲ್ಸನ್ ಈ ಆಚರಣೆಯನ್ನು ಚಿತ್ರಿಸಲಿಲ್ಲ. ಅವನದು ಕಾರ್ನಿವಲ್ ಲೋಕ. ಆದರೆ ಅವನ ಕೈಗೆ ಬಂದ ಕುಣಿತದ ಕುಲದಲ್ಲೇ ನೋವು ಮತ್ತು ನಲಿವುಗಳು ಎಂದೋ ಹೆಣೆದುಕೊಂಡಿದ್ದವು. ಅಲ್ಲಿ ವೇಗ ಎಂದರೆ ನೋವನ್ನು ಮೈಯಿಂದ ಹೊರಗೆ ಹಾಕುವ ದಾರಿ. ಮೈನರ್‌ನಲ್ಲಿ ಪ್ರೆಸ್ಟೊ ಏಕೆ ಖಿನ್ನವಾಗುವುದಿಲ್ಲ ಎಂಬುದಕ್ಕೆ ಶೋಪೆನ್‌ಹವರ್‌ಗಿಂತ ಒಳ್ಳೆಯ ಉತ್ತರ ಆ ರೈತ ಹೆಂಗಸರ ಹೆಜ್ಜೆಗಳಲ್ಲಿದೆ.

1854ರಲ್ಲಿ ವಿಯೆನ್ನಾದ ಸಂಗೀತ ವಿಮರ್ಶಕ ಎಡ್ವರ್ಡ್ ಹ್ಯಾನ್ಸ್ಲಿಕ್ ಪ್ರಶ್ನೆಯನ್ನೇ ತಿರುಗಿಸಿ ಹಾಕಿದ. ಸಂಗೀತಕ್ಕೆ ಭಾವವನ್ನು ಚಿತ್ರಿಸುವ ಶಕ್ತಿಯೇ ಇಲ್ಲ. ಅದರ ವಸ್ತು ಚಲಿಸುವ ನಾದಾಕೃತಿಗಳು ಮಾತ್ರ ಎಂದ. ಸಂತೋಷ, ಕೋಪ, ಪ್ರೇಮ ಇವುಗಳಿಗೆ ಒಂದು ವಿಷಯ ಬೇಕು. ಯಾವುದಕ್ಕಾಗಿ ಸಂತೋಷ ಎಂಬುದನ್ನು ವಾದ್ಯಸಂಗೀತ ಹೇಳಲಾರದು. ಅದು ಹೇಳಬಲ್ಲದ್ದು ಭಾವದ ಚಲನೆಯನ್ನಷ್ಟೇ: ಏರಿತು, ಇಳಿಯಿತು, ಬಿರುಸಾಯಿತು, ಕುಗ್ಗಿತು. ಇದಕ್ಕೆ ಅವನು ಎತ್ತಿಕೊಂಡ ಉದಾಹರಣೆ 1762ರಲ್ಲಿ ಮೊದಲು ಪ್ರದರ್ಶನವಾದ ಗ್ಲುಕ್‌ನ ‘ಓರ್ಫಿಯೊ’ ಗೀತನಾಟಕದ್ದು. ಹೆಂಡತಿಯನ್ನು ಎರಡನೆಯ ಸಲ ಕಳೆದುಕೊಂಡ ಓರ್ಫಿಯಸ್ ಹಾಡುವ ಪ್ರಲಾಪ ಅದರಲ್ಲಿದೆ, ಅದಿರುವುದು ಸಿ ಮೇಜರ್‌ನಲ್ಲಿ. ಅದೇ ಮಟ್ಟಿಗೆ ಹೆಂಡತಿ ಸಿಕ್ಕಳೆಂಬ ಮಾತು ಜೋಡಿಸಿದರೂ ಅಷ್ಟೇ ಚೆನ್ನಾಗಿ ಹೊಂದುತ್ತದೆ ಎಂಬುದು ಹ್ಯಾನ್ಸ್ಲಿಕ್ ವಾದ. ಮೇಜರ್‌ನಲ್ಲಿ ಗೋಳು, ಮೈನರ್‌ನಲ್ಲಿ ಉಲ್ಲಾಸ. ಗ್ಲುಕ್ ಮತ್ತು ಮೆಂಡೆಲ್ಸನ್‌ರನ್ನು ಪಕ್ಕಪಕ್ಕ ಇಟ್ಟರೆ ಮೊದಲ ಪಾಠದ ಸೂತ್ರ ಎರಡೂ ಕಡೆಯಿಂದ ಒಡೆಯುತ್ತದೆ. ಆದರೆ ಹ್ಯಾನ್ಸ್ಲಿಕ್ ತನ್ನ ವಾದವನ್ನು ಅತಿಗೆ ಒಯ್ದ. ಗ್ಲುಕ್‌ನ ಹಾಡನ್ನು ನಿಧಾನವಾಗಿ ಹಾಡಿದಾಗ ಅದರಲ್ಲಿ ಕೇಳುವ ಸಂಕಟ ಮಾತಿನದಷ್ಟೇ ಅಲ್ಲ, ಹಾಡಿನದು. ಭಾವದ ಚಲನೆ ಎಂದು ಅವನು ಒಪ್ಪಿಕೊಂಡದ್ದೇ ಬಹಳ ದೊಡ್ಡ ಸಂಪತ್ತು. ಮನುಷ್ಯನ ಮೈಯಲ್ಲಿ ಹರ್ಷವೆಂಬುದು ಬಹುಪಾಲು ಚಲನೆಯೇ ಅಲ್ಲವೇ?

ಇಪ್ಪತ್ತನೆಯ ಶತಮಾನದಲ್ಲಿ ತತ್ತ್ವಜ್ಞ ಪೀಟರ್ ಕಿವಿ ಈ ಎಳೆಯನ್ನು ಮುಂದುವರಿಸಿದರು. 1980ರ ತಮ್ಮ ಪುಸ್ತಕದಲ್ಲಿ ಅವರು, ಸಂಗೀತ ಹರ್ಷವಾಗಿದೆ ಎಂದರೆ ರಚಿಸಿದವನೋ ಕೇಳಿದವನೋ ಆ ಕ್ಷಣ ಹರ್ಷಗೊಂಡಿರಬೇಕೆಂದಿಲ್ಲ, ಹರ್ಷಗೊಂಡ ಮೈಯ ಚಲನೆ ಮತ್ತು ದನಿಯ ಆಕಾರ ಆ ಸಂಗೀತದಲ್ಲಿ ಕೇಳುತ್ತದೆ ಎಂದರು. ಆಕಾರದ ಹೋಲಿಕೆಯಿಂದ ವಿವರಿಸಲಾಗದ್ದನ್ನು ರೂಢಿಗೆ ಬಿಟ್ಟರು. ಮೈನರ್‌ನ ಖಿನ್ನತೆ ಆ ಎರಡನೆಯ ಗುಂಪಿಗೆ ಸೇರಿತು. ರೂಢಿಯ ಪಾತ್ರವನ್ನು ಒಪ್ಪಲು ಕರ್ನಾಟಕ ಸಂಗೀತದ ಕೇಳುಗರಿಗೆ ಬೇರೆ ಸಾಕ್ಷಿ ಬೇಡ. ಖರಹರಪ್ರಿಯ, ಆಭೇರಿ, ಕಾನಡ ರಾಗಗಳಲ್ಲಿ ಸಾಧಾರಣ ಗಾಂಧಾರವಿದೆ. ಅದೊಂದೇ ಕಾರಣಕ್ಕೆ ಅವನ್ನು ಯಾರೂ ದುಃಖದ ರಾಗಗಳೆನ್ನುವುದಿಲ್ಲ. ಮುಖಾರಿಯಲ್ಲೂ ಅದೇ ಗಾಂಧಾರವಿದೆ, ಅದನ್ನು ಕರುಣಕ್ಕೆ ಸೇರಿಸುವುದುಂಟು. ಆ ಕರುಣ ಬರುವುದು ಅದರ ಸಂಚಾರದಿಂದ, ಗಮಕದಿಂದ. ಲಯದ ವಿಷಯದಲ್ಲಿ ಎರಡು ಪರಂಪರೆಗಳೂ ಬಹಳಷ್ಟು ಕೂಡಿ ನಡೆಯುತ್ತವೆ, ಸ್ವರಶ್ರೇಣಿಯ ವಿಷಯದಲ್ಲಿ ಬೇರೆಯಾಗುತ್ತವೆ. ಉಸಿರು, ನಾಡಿ, ಹೆಜ್ಜೆ ಎಲ್ಲರ ಮೈಯಲ್ಲೂ ಒಂದೇ. ಗಾಂಧಾರಕ್ಕೆ ಕೊಡುವ ಅರ್ಥವನ್ನು ಮಾತ್ರ ಪ್ರತಿ ಪರಂಪರೆಯೂ ತನ್ನ ಮಕ್ಕಳಿಗೆ ಕಲಿಸಬೇಕಾಗುತ್ತದೆ.

ಇನ್ನೂ ಒಂದು ಎಳೆ ಮೆಂಡೆಲ್ಸನ್‌ನ ಮನೆಯಲ್ಲೇ ಇತ್ತು. ಅವನ ಅಜ್ಜ ಮೋಸೆಸ್ ಮೆಂಡೆಲ್ಸನ್ (1729–1786) ಜರ್ಮನಿಯ ದೊಡ್ಡ ಯಹೂದಿ ತತ್ತ್ವಜ್ಞ. ಭಯಾನಕವಾದದ್ದೂ ಶೋಕಕರವಾದದ್ದೂ ಕಲೆಯಲ್ಲಿ ಏಕೆ ಹಿತವಾಗುತ್ತದೆ ಎಂಬ ಪ್ರಶ್ನೆ ಅವನನ್ನು ಕಾಡಿತ್ತು. ಅಹಿತದ ಹನಿ ಬೆರೆತ ಹಿತ ಶುದ್ಧ ಹಿತಕ್ಕಿಂತ ಆಳಕ್ಕಿಳಿಯುತ್ತದೆ ಎಂದು ಅವನು ಮಿಶ್ರಭಾವಗಳ ಸಿದ್ಧಾಂತ ಕಟ್ಟಿದ. ಮೊಮ್ಮಗ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಸಾಲ್ತರೆಲ್ಲೊ ಬರೆದನೆಂದು ಹೇಳಲು ಆಧಾರವಿಲ್ಲ. ಆದರೆ ಸಾಲ್ತರೆಲ್ಲೊದ ಉಲ್ಲಾಸವನ್ನು ವಿವರಿಸಲು ಅಜ್ಜನ ಮಾತಿಗಿಂತ ಹತ್ತಿರದ ಮಾತು ಸಿಗುವುದಿಲ್ಲ. ಇದೇ ಪ್ರಶ್ನೆಗೆ ಕಾಶ್ಮೀರದ ಅಭಿನವಗುಪ್ತ ಏಳು ಶತಮಾನಗಳಿಗೂ ಹೆಚ್ಚು ಮುಂಚೆ ಬೇರೆ ದಾರಿಯಿಂದ ಬಂದಿದ್ದ. ರಸ ಪಾತ್ರದಲ್ಲಿಲ್ಲ, ನಟನಲ್ಲೂ ಇಲ್ಲ. ನನ್ನದು ನಿನ್ನದು ಎಂಬ ಗಡಿ ಕಳಚಿದ ಭಾವವನ್ನು ಸಹೃದಯ ಸವಿಯುವುದರಲ್ಲಿದೆ. ಆದ್ದರಿಂದಲೇ ಕರುಣವೂ ಆನಂದವಾಗುತ್ತದೆ. ಮೈಸೂರಿನ ಎಂ. ಹಿರಿಯಣ್ಣನವರು ಕಲಾನುಭವದ ಕುರಿತ ಪ್ರಬಂಧಗಳಲ್ಲಿ ಈ ವಿಚಾರವನ್ನು ತಿಳಿಯಾಗಿ ವಿವರಿಸಿದ್ದಾರೆ. ಹ್ಯಾನ್ಸ್ಲಿಕ್ ಎತ್ತಿದ ತೊಡಕಿಗೆ ಇಲ್ಲೊಂದು ಉತ್ತರವಿದೆ: ಯಾವುದಕ್ಕಾಗಿ ಸಂತೋಷ ಎಂಬುದು ಕಳಚಿಹೋಗುವುದು ಕಲೆಯ ಕೊರತೆಯಲ್ಲ, ಅದೇ ರಸಾನುಭವದ ಷರತ್ತು. ಈ ಎರಡು ಲೋಕಗಳನ್ನೂ ಬಲ್ಲ ಒಬ್ಬರು ಮೈಸೂರಿನಲ್ಲೇ ಇದ್ದರು. ಮಹಾರಾಜ ಜಯಚಾಮರಾಜ ಒಡೆಯರ್ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು, ಕರ್ನಾಟಕ ಸಂಗೀತದ ವಾಗ್ಗೇಯಕಾರರು, ಭಾರತೀಯ ಸೌಂದರ್ಯಶಾಸ್ತ್ರವನ್ನು ಕುರಿತು ಬರೆದವರು.

ಕೃತಿಯ ಶ್ರುತಿಪಯಣಕ್ಕೆ ಧಾರ್ಮಿಕ ಅರ್ಥವೂ ಉಂಟು. 1808ರಲ್ಲಿ ಬೀಥೋವನ್‌ನ ಐದನೆಯ ಸಿಂಫನಿ ಸಿ ಮೈನರ್‌ನಲ್ಲಿ ಹೊರಟು ಸಿ ಮೇಜರ್‌ನಲ್ಲಿ ಗೆದ್ದಾಗಿನಿಂದ, ಕತ್ತಲಿಂದ ಬೆಳಕಿಗೆ ಎಂಬ ದಾರಿ ಸಿಂಫನಿಯ ರಾಜಮಾರ್ಗವಾಯಿತು. ಶಿಲುಬೆಯ ನಂತರ ಪುನರುತ್ಥಾನ ಎಂಬ ಕ್ರೈಸ್ತ ಕಥನ ಅದರ ಹಿಂದೆ ನಿಂತಿರುವುದನ್ನು ಕಾಣದಿರಲಾಗದು. ಯಹೂದಿ ಮನೆತನದಲ್ಲಿ ಹುಟ್ಟಿ, 1816ರಲ್ಲಿ ಪ್ರೊಟೆಸ್ಟೆಂಟ್ ದೀಕ್ಷೆ ಪಡೆದ ಮೆಂಡೆಲ್ಸನ್‌ಗೆ ಈ ದಾರಿ ಚೆನ್ನಾಗಿ ಗೊತ್ತಿತ್ತು. 1830ರಲ್ಲಿ ಮುಗಿಸಿದ ‘ರಿಫರ್ಮೇಷನ್’ ಸಿಂಫನಿಯಲ್ಲಿ ಅವನು ಡಿ ಮೈನರ್‌ನ ಹೋರಾಟದಿಂದ ಡಿ ಮೇಜರ್‌ಗೆ ನಡೆದು ಲೂಥರನ ಸ್ತೋತ್ರದೊಂದಿಗೆ ಮುಗಿಸಿದ. 1842ರ ‘ಸ್ಕಾಟಿಷ್’ ಸಿಂಫನಿ ಎ ಮೈನರ್‌ನಿಂದ ಎ ಮೇಜರ್‌ಗೆ ಬರುತ್ತದೆ. ಅದು ‘ಇಟಾಲಿಯನ್’ ನಡೆದ ದಾರಿಯ ತದ್ವಿರುದ್ಧ. ಆ ಎರಡರಲ್ಲೂ ಸಂತೋಷ ದೊರಕುವುದು ಕೊನೆಗೆ, ಪಟ್ಟ ಪಾಡಿಗೆ ಸಿಕ್ಕ ಫಲವಾಗಿ. ‘ಇಟಾಲಿಯನ್’ನಲ್ಲಿ ಸಂತೋಷ ಮೊದಲ ಮೀಟಿನಲ್ಲೇ ಇದೆ. ಮುಂದೆ ಅದು ಎರಡನೆಯ ಭಾಗದ ಮೆರವಣಿಗೆಯಂಥ ನಡಿಗೆಯ ಮೂಲಕ ಹಾದುಹೋಗುತ್ತದೆ. ಅಲ್ಲಿ ಓಬೊ, ಬಸೂನ್, ವಿಯೋಲಾಗಳು ಮಂತ್ರದಂತೆ ಒಂದು ಮಟ್ಟನ್ನು ನುಡಿಯುತ್ತವೆ, ಕೆಳಗೆ ಮಂದ್ರ ತಂತಿಗಳು ಎಡೆಬಿಡದೆ ಹೆಜ್ಜೆ ಹಾಕುತ್ತವೆ. ನಾಲ್ಕನೆಯ ಭಾಗಕ್ಕೆ ಬರುವಾಗ ಮೇಜರ್‌ನ ಆಸರೆಯೂ ಇಲ್ಲ; ಕೊನೆಯ ಸ್ವರದವರೆಗೂ ಮೈನರ್ ಬದಲಾಗುವುದಿಲ್ಲ. ಸಂತೋಷಕ್ಕೆ ಅಲ್ಲಿ ಉಳಿದಿರುವುದು ಚಲನೆಯೊಂದೇ, ಅದು ಸಾಕಾಗುತ್ತದೆ. ಮೋಕ್ಷದ ಕಥೆಯಲ್ಲಿ ಬರುವ ಸಂತೋಷಕ್ಕೆ ಒಂದು ಕಾರಣವಿದೆ. ಈ ಸಂತೋಷ ಕಾರಣ ಕೇಳುವುದಿಲ್ಲ. ಇವೆರಡರಲ್ಲಿ ಎರಡನೆಯದು ಹೆಚ್ಚು ಅಪರೂಪದ್ದು, ಪ್ರಾಯಶಃ ಹೆಚ್ಚು ಧಾರ್ಮಿಕವಾದದ್ದು ಕೂಡ.

ಸಂಗೀತದ ಭಾವವನ್ನು ಮಾತಿನಲ್ಲಿ ಹೇಳಲಾಗದಿರುವುದು ಸಂಗೀತ ಅಸ್ಪಷ್ಟವಾಗಿರುವುದರಿಂದ ಎಂದು ಬಹಳ ಜನ ತಿಳಿಯುತ್ತಾರೆ. ಮೆಂಡೆಲ್ಸನ್ ಇದಕ್ಕೆ ವಿರುದ್ಧವಾದ ಮಾತು ಹೇಳಿದವನು. ಅವನ ‘ಮಾತಿಲ್ಲದ ಹಾಡುಗಳು’ ಎಂಬ ಪಿಯಾನೊ ರಚನೆಗಳಿಗೆ ಅರ್ಥ ಹೇಳಬೇಕೆಂದು ಮಾರ್ಕ್-ಆಂದ್ರೆ ಸುಶೇ ಕೇಳಿದಾಗ, 1842ರ ಅಕ್ಟೋಬರ್ 15ರಂದು ಬರೆದ ಉತ್ತರದಲ್ಲಿ, ತನಗೆ ಅಸ್ಪಷ್ಟವಾಗಿ ಕಾಣುವುದು ಮಾತುಗಳೇ ಎಂದ. ಸಂಗೀತ ಹೇಳುವುದು ಮಾತಿಗೆ ಸಿಗದಷ್ಟು ಅಸ್ಪಷ್ಟವಾದದ್ದಲ್ಲ, ಮಾತಿಗೆ ಸಿಗದಷ್ಟು ನಿಖರವಾದದ್ದು ಎಂದ. ಹರ್ಷ, ಖಿನ್ನತೆ, ಉತ್ಸಾಹ ಎಂಬ ಹೆಸರುಗಳು ಒಬ್ಬೊಬ್ಬರಿಗೆ ಒಂದೊಂದು ಅರ್ಥ ಕೊಡುತ್ತವೆ. ಒಂದು ಸ್ವರಪಂಕ್ತಿ ಹಾಗಲ್ಲ. ಈ ನಿಲುವನ್ನು ಅವನು ಪತ್ರದಲ್ಲಿ ಬರೆಯುವ ಎಂಟು ವರ್ಷ ಮೊದಲೇ ಕೆಲಸದಲ್ಲಿ ತೋರಿಸಿದ್ದ. 1834ರ ತಿದ್ದುಪಡಿಯಲ್ಲಿ ಭಾಗಗಳ ಶ್ರುತಿಯನ್ನು ಅವನು ಮುಟ್ಟಲಿಲ್ಲ. ಡಿ ಮೈನರ್ ಡಿ ಮೈನರ್ ಆಗಿಯೇ ಉಳಿಯಿತು, ಸಾಲ್ತರೆಲ್ಲೊ ಎ ಮೈನರ್‌ನಲ್ಲೇ ನಿಂತಿತು. ಬದಲಾದದ್ದು ಎರಡನೆಯ ಭಾಗದ ಮಟ್ಟಿನ ಕೆಲವು ತಿರುವುಗಳು, ಪಂಕ್ತಿಗಳ ಉದ್ದ, ವಾದ್ಯಗಳ ಹಂಚಿಕೆ. ಶ್ರುತಿ, ಲಯ, ಭಾವ ಎಂಬ ಮೂರು ಹೆಸರುಗಳಲ್ಲಿ ಹೇಳುವುದಾದರೆ 1833ರ, 1834ರ ಎರಡೂ ಪಾಠಗಳಿಗೆ ಬಹುಮಟ್ಟಿಗೆ ಒಂದೇ ವಿವರಣೆ ಸಾಕು. ಅವನ ಕಿವಿಗೆ ಅವು ಬೇರೆಬೇರೆಯಾಗಿದ್ದವು. ಮೊದಲ ಭಾಗದ ತಿದ್ದುಪಡಿ ಆಗಲೇ ಇಲ್ಲವಾದ್ದರಿಂದ ವಾದ್ಯವೃಂದಗಳು ಇಂದಿಗೂ ಸಾಮಾನ್ಯವಾಗಿ ನುಡಿಸುವುದು 1833ರ ಪಾಠವನ್ನು. ತಿದ್ದಿದ ಮೂರು ಭಾಗಗಳ ಧ್ವನಿಮುದ್ರಣಗಳೂ ದೊರೆಯುತ್ತವೆ.